ಸ್ಟ್ಯಾಗ್ ಏಕೆ ಕುದಿಯುತ್ತದೆ?

1970ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ಟ್ರಯಂಫ್ ಕಂಪನಿ ‘ಸ್ಟ್ಯಾಗ್’ ಎಂಬ ಹೊಸ ಕಾರನ್ನು ಹೊರತಂದಿತು. 2,997 ಸಿ.ಸಿ.ಯ ವಿ8 ಎಂಜಿನ್, 145 ಅಶ್ವಶಕ್ತಿ, ನಾಲ್ಕು ಜನ ಕೂರುವಷ್ಟು ಜಾಗ, ಬಿಸಿಲು ಬಂದರೆ ಮಡಚಿ ಹಿಂದಕ್ಕೆ ಸರಿಸಬಹುದಾದ ಮೇಲ್ಛಾವಣಿ. ಮರುವರ್ಷ ತೆರೆಗೆ ಬಂದ ‘ಡೈಮಂಡ್ಸ್ ಆರ್ ಫಾರೆವರ್’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಕೂಡ ಇದನ್ನು ಓಡಿಸಿದ. ಮರ್ಸಿಡಿಸ್‌ನಂಥ ದುಬಾರಿ ಗಾಡಿಗಳಿಗೆ ಬ್ರಿಟನ್ ಕೊಟ್ಟ ಉತ್ತರ ಇದೇ ಎಂದು ಆ ಕಾಲದ ಕಾರುಪ್ರಿಯರು ನಂಬಿದ್ದರು.

ಆ ನಂಬಿಕೆ ಹೆಚ್ಚು ದಿನ ಉಳಿಯಲಿಲ್ಲ. ಬಾನೆಟ್ ಎತ್ತಿಕೊಂಡು, ಹಬೆ ಉಗುಳುತ್ತ ರಸ್ತೆ ಬದಿಯಲ್ಲಿ ನಿಂತ ಸ್ಟ್ಯಾಗ್‌ಗಳು ಸಾಮಾನ್ಯ ನೋಟವಾದವು. ಅಮೆರಿಕದ ಮಾರುಕಟ್ಟೆಯಿಂದ ಕಾರನ್ನು 1973ರಲ್ಲಿ ಹಿಂತೆಗೆದುಕೊಳ್ಳಲಾಯಿತು. 1977ರಲ್ಲಿ ತಯಾರಿಕೆಯೇ ನಿಂತಿತು. ಆ ಹೊತ್ತಿಗೆ ಕಾರ್ಖಾನೆಯಿಂದ ಹೊರಬಂದಿದ್ದ ಕಾರುಗಳು ಸುಮಾರು 26,000 ಮಾತ್ರ. ಸೋತುಹೋದ ಎಷ್ಟೋ ಮಾಲೀಕರು ಟ್ರಯಂಫ್ ಎಂಜಿನ್ನನ್ನು ಇಳಿಸಿ, ರೋವರ್ ವಿ8 ಅಥವಾ ಫೋರ್ಡ್ ವಿ6 ಎಂಜಿನ್ ಕೂರಿಸಿಕೊಂಡರು. ‘ಸ್ಟ್ಯಾಗ್ ಅಂದರೆ ಹೀಟ್ ಆಗೋ ಗಾಡಿ’ ಎಂಬ ಮಾತು ಅದರ ಬೆನ್ನಿಗೆ ಶಾಶ್ವತವಾಗಿ ಅಂಟಿತು.

ನಮ್ಮ ಹಿರಿಯ ಓದುಗರಿಗೆ ಈ ಕಾರಿನ ಬಂಧುವೊಂದರ ಪರಿಚಯ ಇದ್ದೇ ಇರುತ್ತದೆ. ಮದರಾಸಿನಲ್ಲಿ ತಯಾರಾಗಿ ಬೆಂಗಳೂರು, ಮೈಸೂರಿನ ರಸ್ತೆಗಳಲ್ಲೂ ಓಡಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್, ಟ್ರಯಂಫ್ ಹೆರಾಲ್ಡ್‌ನ ಭಾರತೀಯ ರೂಪ. ಹೆರಾಲ್ಡ್‌ಗೆ ಆಕಾರ ಕೊಟ್ಟ ಇಟಲಿಯ ವಿನ್ಯಾಸಕಾರ ಜಿಯೊವಾನಿ ಮಿಕೆಲೊಟ್ಟಿಯೇ ಸ್ಟ್ಯಾಗ್‌ಗೂ ರೂಪ ಕೊಟ್ಟಾತ. 1960ರ ದಶಕದ ನಡುವಿನಲ್ಲಿ ಆತ ಟ್ರಯಂಫ್ 2000 ಎಂಬ ಸಾಧಾರಣ ಸೆಡಾನ್ ಕಾರೊಂದನ್ನು ಕೇಳಿ ಪಡೆದು, ಪ್ರದರ್ಶನಕ್ಕೆಂದು ತೆರೆದ ಕಾರನ್ನಾಗಿ ಮಾರ್ಪಡಿಸಿದ. ಟ್ರಯಂಫ್‌ನ ಮುಖ್ಯ ಎಂಜಿನಿಯರ್ ಹ್ಯಾರಿ ವೆಬ್‌ಸ್ಟರ್ ಅದನ್ನು ನೋಡಿ ಮೆಚ್ಚಿ, ಪ್ರದರ್ಶನಕ್ಕೆ ಹೋಗಬೇಕಿದ್ದ ಕಾರನ್ನು ಕಂಪನಿಗೇ ಉಳಿಸಿಕೊಂಡ. ಸ್ಟ್ಯಾಗ್ ಹುಟ್ಟಿದ್ದು ಹಾಗೆ.

ಇಂದಿಗೂ ಮೂಲ ಎಂಜಿನ್ ಇಟ್ಟುಕೊಂಡು ಬೇಸಿಗೆಯಲ್ಲೂ ತಣ್ಣಗೆ ಓಡುವ ಸ್ಟ್ಯಾಗ್‌ಗಳು ಬ್ರಿಟನ್ನಿನಲ್ಲಿ ಬೇಕಾದಷ್ಟಿವೆ. ಅಂದರೆ ಕುದಿಯುವುದು ಆ ಕಾರಿನ ಹಣೆಬರಹವಾಗಿರಲಿಲ್ಲ. ಹಳೆಯ ಸ್ಪೋರ್ಟ್ಸ್ ಕಾರು ಬಿಸಿಯಾದಾಗ ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಕಾರು ಇನ್ನೊಂದಿಲ್ಲ.

ಶಾಖದ ಲೆಕ್ಕ

ಪೆಟ್ರೋಲ್ ಎಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚೆಂದರೆ ಮೂರನೆಯ ಒಂದು ಪಾಲು. ಸರಿಸುಮಾರು ಅಷ್ಟೇ ಶಾಖ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಹೊತ್ತು ಸಾಗಿಸುವುದು ಎಂಜಿನ್ ಸುತ್ತ ಹರಿಯುವ ನೀರಿನ ಕೆಲಸ. ಸಿಲಿಂಡರಿನೊಳಗೆ ಹೊತ್ತಿಕೊಂಡ ಅನಿಲದ ಉಷ್ಣತೆ ಕ್ಷಣಮಾತ್ರಕ್ಕೆ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಸಿಲಿಂಡರ್ ಹೆಡ್ ಕರಗದೆ ಉಳಿದಿರುವುದಕ್ಕೆ ಅದರ ಒಡಲಿನ ಓಣಿಗಳಲ್ಲಿ ಎಡೆಬಿಡದೆ ಹರಿಯುವ ಕೂಲೆಂಟೇ ಕಾರಣ.

ಆ ಹರಿವಿನ ದಾರಿ ಸರಳ. ವಾಟರ್ ಪಂಪ್ ಕೂಲೆಂಟನ್ನು ಬ್ಲಾಕ್‌ಗೆ ನೂಕುತ್ತದೆ, ಅದು ಹೆಡ್‌ಗೆ ಏರುತ್ತದೆ, ಥರ್ಮೋಸ್ಟಾಟ್ ವಾಲ್ವ್ ದಾಟಿ ರೇಡಿಯೇಟರ್ ಸೇರುತ್ತದೆ, ಅಲ್ಲಿ ಗಾಳಿಗೆ ಶಾಖ ಕೊಟ್ಟು ಮತ್ತೆ ಪಂಪಿಗೆ ಮರಳುತ್ತದೆ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂಲೆಂಟನ್ನು ಎಂಜಿನ್ನಿನೊಳಗೇ ಸುತ್ತಿಸುತ್ತದೆ. 82 ಅಥವಾ 88 ಡಿಗ್ರಿಯ ಹತ್ತಿರ ಬಂದಾಗ ತೆರೆದುಕೊಳ್ಳುತ್ತದೆ.

ರೇಡಿಯೇಟರ್ ಮುಚ್ಚಳಕ್ಕೂ ಇಲ್ಲಿ ದೊಡ್ಡ ಪಾತ್ರವಿದೆ. ಪ್ರೆಶರ್ ಕುಕ್ಕರಿನ ಹಾಗೆ ಅದು ಒಳಗಿನ ಒತ್ತಡವನ್ನು ಹಿಡಿದಿಟ್ಟು ನೀರಿನ ಕುದಿಬಿಂದುವನ್ನು ಮೇಲಕ್ಕೇರಿಸುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, 13 ಪೌಂಡ್ ಒತ್ತಡದ ಮುಚ್ಚಳ ಬಿಗಿಯಾಗಿದ್ದರೆ ಸುಮಾರು 119 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸವೆದು ಒತ್ತಡ ನಿಲ್ಲದಿದ್ದರೆ ಈ ರಕ್ಷಣೆ ಪೂರ್ತಿ ಕಳಚಿಹೋಗುತ್ತದೆ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಊಟಿಯಲ್ಲಿ ಇನ್ನೂ ನಾಲ್ಕೈದು ಡಿಗ್ರಿ ಕಡಿಮೆ. ಘಾಟಿ ಹತ್ತುವ ಹಳೆಯ ಕಾರುಗಳು ತುದಿ ಮುಟ್ಟುವ ಹೊತ್ತಿಗೆ ಕುದಿಯುವುದಕ್ಕೆ ಎಂಜಿನ್ನಿನ ಶ್ರಮ ಒಂದು ಕಾರಣವಾದರೆ, ಸೋತ ಮುಚ್ಚಳ ಇನ್ನೊಂದು.

ಸ್ಟ್ಯಾಗ್‌ನ ಒಳಗುಟ್ಟು

ಟ್ರಯಂಫ್ ತನ್ನ ವಿ8 ಎಂಜಿನ್ನನ್ನು, ಒಂದೇ ಕಡೆಗೆ 45 ಡಿಗ್ರಿ ವಾಲಿದ ನಾಲ್ಕು ಸಿಲಿಂಡರಿನ ಎಂಜಿನ್ನಿನ ಜತೆಜತೆಗೇ ರೂಪಿಸಿತ್ತು. ಆ ನಾಲ್ಕು ಸಿಲಿಂಡರಿನದು ಸ್ವೀಡನ್ನಿನ ಸಾಬ್ 99 ಕಾರಿಗೂ ಹೋಯಿತು. ಅಂಥ ಎರಡು ಸಾಲುಗಳನ್ನು ಎದುರುಬದುರಾಗಿ ಸೇರಿಸಿದರೆ 90 ಡಿಗ್ರಿಯ ವಿ8. ಬಿಡಿಭಾಗಗಳನ್ನು ಹಂಚಿಕೊಳ್ಳುವ ಜಾಣ ಯೋಜನೆ ಇದು. ಆದರೆ ಅದರ ಜತೆಗೆ ಒಂದು ಇಕ್ಕಟ್ಟೂ ಬಂತು: ವಾಟರ್ ಪಂಪ್ ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ, ಎಂಜಿನ್ನಿನ ನೆತ್ತಿಯ ಮೇಲೆ ಕುಳಿತಿತು.

ಬೇರೆ ಕಾರುಗಳಲ್ಲಿ ಪಂಪ್ ಸಾಮಾನ್ಯವಾಗಿ ಎಂಜಿನ್ನಿನ ಮುಂಭಾಗದಲ್ಲಿ, ಕೆಳಮಟ್ಟದಲ್ಲಿ ಇರುತ್ತದೆ. ಒಂದೆರಡು ಲೀಟರ್ ಕೂಲೆಂಟ್ ಸೋರಿಹೋದರೂ ಪಂಪ್ ಮುಳುಗಿಯೇ ಇರುವುದರಿಂದ ಹರಿವು ನಿಲ್ಲುವುದಿಲ್ಲ. ಸ್ಟ್ಯಾಗ್‌ನಲ್ಲಿ ಮಟ್ಟ ಸ್ವಲ್ಪ ಇಳಿದರೂ ಮೊದಲು ಒಣಗುವುದೇ ಪಂಪ್. ಒಣಗಿದ ಪಂಪ್ ಏನನ್ನೂ ನೂಕಲಾರದು. ಬ್ಲಾಕ್ ತುಂಬ ನೀರಿದ್ದರೂ ಅದು ನಿಂತ ನೀರಾಗುತ್ತದೆ, ನಿಂತಲ್ಲೇ ಕುದಿಯುತ್ತದೆ. ಗೇಜ್‌ಗೆ ಸಂಕೇತ ಕೊಡುವ ಸೆನ್ಸರ್ ಕೂಲೆಂಟಿನಿಂದ ಹೊರಗುಳಿದರಂತೂ ಮುಳ್ಳು ಮೇಲೇರುವ ಬದಲು ಕೆಳಗಿಳಿದು ಚಾಲಕನನ್ನು ದಾರಿತಪ್ಪಿಸಬಹುದು.

ಎರಡನೆಯದು ಕೊಳೆ. ಎರಕದ ಬ್ಲಾಕ್‌ಗಳನ್ನು ಕಾರ್ಖಾನೆಯಲ್ಲಿ ಸರಿಯಾಗಿ ಶುಚಿಗೊಳಿಸದೆ ಬಿಟ್ಟದ್ದರಿಂದ ಅಚ್ಚಿನ ಮರಳು ನೀರಿನ ಓಣಿಗಳಲ್ಲೇ ಉಳಿದಿತ್ತು. ಅದು ತುಕ್ಕಿನೊಂದಿಗೆ ಬೆರೆತು ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ, ಬ್ಲಾಕಿನ ಹಿಂಭಾಗದ ಮೂಲೆಗಳನ್ನೂ ಕಟ್ಟಿಹಾಕಿತು.

ಮೂರನೆಯದು ಲೋಹಗಳ ಜಗಳ. ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್‌ಗಳು ಅಲ್ಯೂಮಿನಿಯಂನವು. ಶಾಖ ತಾಗಿದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಹೆಡ್ ಅತಿಯಾಗಿ ಕಾದರೆ ಬಾಗುತ್ತದೆ, ಹೆಡ್ ಗ್ಯಾಸ್ಕೆಟ್ ಬಾಯಿಬಿಡುತ್ತದೆ. ಇದಲ್ಲದೆ ಎರಡು ಬೇರೆ ಲೋಹಗಳ ನಡುವೆ ಬರಿಯ ನೀರು ಹರಿದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಅದನ್ನು ತಡೆಯುವ ರಾಸಾಯನಿಕ ಇರುವುದು ಆಂಟಿಫ್ರೀಜ್‌ನಲ್ಲಿ. ಆದರೆ ಚಳಿಗಾಲಕ್ಕೆ ಮಾತ್ರ ಆಂಟಿಫ್ರೀಜ್ ಹಾಕಿ ಬೇಸಿಗೆಯಲ್ಲಿ ನಲ್ಲಿನೀರು ತುಂಬುವ ಹಳೆಯ ರೂಢಿ ಆಗ ಬ್ರಿಟನ್ನಿನಲ್ಲಿ ಇನ್ನೂ ಉಳಿದಿತ್ತು. ಪೂರ್ತಿ ಕಬ್ಬಿಣದ ಎಂಜಿನ್‌ಗಳು ಅದನ್ನು ಹೇಗೋ ಸಹಿಸಿದ್ದವು, ಸ್ಟ್ಯಾಗ್ ಸಹಿಸಲಿಲ್ಲ. ಹೆಡ್ ಹಿಡಿದಿಡುವ ಫಾಸ್ಟನರ್‌ಗಳಲ್ಲಿ ಅರ್ಧ ಬೋಲ್ಟುಗಳು, ಇನ್ನರ್ಧ ಓರೆಯಾಗಿ ಕೂತ ಸ್ಟಡ್‌ಗಳು. ತುಕ್ಕು ಹಿಡಿದ ಸ್ಟಡ್‌ಗಳು ಹೆಡ್‌ಗೆ ಕಚ್ಚಿಕೊಂಡು, ಹೆಡ್ ಎತ್ತುವುದೇ ಗ್ಯಾರೇಜುಗಳಿಗೆ ದಿನಗಟ್ಟಲೆಯ ಕೆಲಸವಾಯಿತು.

ಹೀಗೆ ಒಂದಕ್ಕೊಂದು ಹೆಣೆದ ದೋಷಗಳಲ್ಲಿ ಒಂದನ್ನೇ ಹಿಡಿದು ಸರಿಪಡಿಸಿದವರಿಗೆ ಕಾರು ಮತ್ತೆ ಮತ್ತೆ ಕೈಕೊಟ್ಟಿತು. ಹೊಸ ರೇಡಿಯೇಟರ್ ಹಾಕಿಸಿದರು. ಬ್ಲಾಕಿನ ಕೊಳೆ ಹರಿದುಬಂದು ಅದನ್ನೂ ಕಟ್ಟಿತು. ಹೆಡ್ ಗ್ಯಾಸ್ಕೆಟ್ ಬದಲಿಸಿದರು. ಅದನ್ನು ಸುಟ್ಟ ಮೂಲ ಕಾರಣ ಒಳಗೇ ಉಳಿದುಕೊಂಡಿತು.

ಮುಳ್ಳು ಏರಿದಾಗ

ಹುಡುಕಾಟದ ಮಾತಿಗೆ ಮುನ್ನ ಜೀವರಕ್ಷಣೆಯ ಮಾತು. ಓಡುತ್ತಿರುವ ಕಾರಿನ ಉಷ್ಣತೆಯ ಮುಳ್ಳು ಕೆಂಪಿನತ್ತ ಸರಿಯತೊಡಗಿದರೆ ಮೊದಲು ಎ.ಸಿ. ಇದ್ದಲ್ಲಿ ಆರಿಸಬೇಕು, ಹೀಟರನ್ನು ಪೂರ್ತಿ ತೆರೆದು ಅದರ ಫ್ಯಾನ್ ಜೋರು ಮಾಡಬೇಕು. ಹೀಟರಿನೊಳಗಿರುವುದೂ ಒಂದು ಪುಟ್ಟ ರೇಡಿಯೇಟರೇ. ಒಳಗೆ ಕೂತವರಿಗೆ ಸೆಕೆಯಾದರೂ ಎಂಜಿನ್‌ಗೆ ಅಷ್ಟು ಶಾಖ ಕಡಿಮೆಯಾಗುತ್ತದೆ. ಆದರೂ ಮುಳ್ಳು ಇಳಿಯದಿದ್ದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡುವುದೇ ಸರಿ. ಇನ್ನೆರಡು ಕಿಲೋಮೀಟರ್ ಅಷ್ಟೇ ಎಂದು ಎಳೆದುಕೊಂಡು ಹೋದ ದೂರದಲ್ಲೇ ಎಷ್ಟೋ ಹೆಡ್‌ಗಳು ಬಾಗಿವೆ.

ಬಿಸಿಯಿರುವಾಗ ಮುಚ್ಚಳಕ್ಕೆ ಕೈಹಾಕಲೇಬಾರದು. ಒತ್ತಡ ಇಳಿದ ಕೂಡಲೇ 100 ಡಿಗ್ರಿ ಮೀರಿದ ದ್ರವ ಒಮ್ಮೆಲೇ ಹಬೆಯಾಗಿ ಚಿಮ್ಮಿ ಮುಖ, ಕೈ ಸುಡುತ್ತದೆ. ಮೇಲಿನ ಹೋಸ್ ಪೈಪನ್ನು ಆರಾಮವಾಗಿ ಮುಟ್ಟಿ ಹಿಂಡುವಷ್ಟು ಎಂಜಿನ್ ಆರಬೇಕು. ಅದಕ್ಕೆ ಒಂದು ಗಂಟೆಯೂ ಹಿಡಿದೀತು. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಕಬ್ಬಿಣದ ಬ್ಲಾಕ್ ಸೀಳಬಹುದು, ಅಲ್ಯೂಮಿನಿಯಂ ಹೆಡ್ ಇನ್ನಷ್ಟು ಬಾಗಬಹುದು.

ನಿಜಕ್ಕೂ ಬಿಸಿಯಾಗಿದೆಯೇ?

ಅನುಭವಿ ಮೆಕ್ಯಾನಿಕ್ ಮೊದಲು ಅನುಮಾನಪಡುವುದು ಮುಳ್ಳನ್ನೇ. ಆ ಕಾಲದ ಬ್ರಿಟಿಷ್ ಕಾರುಗಳ ಪೆಟ್ರೋಲ್ ಗೇಜ್, ಟೆಂಪರೇಚರ್ ಗೇಜ್ ಎರಡಕ್ಕೂ ವಿದ್ಯುತ್ ಸಿಗುತ್ತಿದ್ದದ್ದು 10 ವೋಲ್ಟಿನ ಒಂದೇ ಸ್ಟೆಬಿಲೈಸರಿನಿಂದ. ಅದು ಕೆಟ್ಟು ಬ್ಯಾಟರಿಯ ಪೂರ್ತಿ ವೋಲ್ಟೇಜ್ ನೇರವಾಗಿ ಹರಿದರೆ ಎರಡೂ ಮುಳ್ಳುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಹೀಗಾಗಿ ಟೆಂಪರೇಚರ್ ಹೆಚ್ಚು ತೋರುವ ದಿನವೇ ಟ್ಯಾಂಕಿನಲ್ಲಿ ಇರುವುದಕ್ಕಿಂತ ಹೆಚ್ಚು ಪೆಟ್ರೋಲ್ ಕಂಡರೆ ತಪ್ಪು ಬಹುಶಃ ಎಂಜಿನ್ನಿನದಲ್ಲ, ಒಂದು ಪುಟ್ಟ ಡಬ್ಬಿಯದು.

ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಸುಲಭವಾಗಿ ಸಿಗುತ್ತದೆ. ಥರ್ಮೋಸ್ಟಾಟ್ ಕೂತಿರುವ ಭಾಗಕ್ಕೆ ಅದನ್ನು ಹಿಡಿದು ಓದಿದರೆ ಮುಳ್ಳು ನಿಜ ಹೇಳುತ್ತಿದೆಯೇ ಎಂಬುದು ಖಚಿತವಾಗುತ್ತದೆ. ಹೊಳೆಯುವ ಲೋಹದ ಮೇಲೆ ಈ ಉಪಕರಣ ಕಡಿಮೆ ತೋರಿಸುವುದರಿಂದ, ಆ ಜಾಗಕ್ಕೆ ಕಪ್ಪು ಟೇಪ್ ಅಂಟಿಸಿ ಅಳೆಯುವುದು ಒಳ್ಳೆಯದು.

ಯಾವಾಗ ಬಿಸಿಯಾಗುತ್ತದೆ?

ಮುಳ್ಳು ಹೇಳಿದ್ದು ನಿಜವೆಂದಾದರೆ ಕೇಳಬೇಕಾದ ಮುಖ್ಯ ಪ್ರಶ್ನೆ ಇದು. ಸ್ಪ್ಯಾನರ್ ಹಿಡಿಯುವ ಮೊದಲೇ ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉತ್ತರಗಳು ಸ್ಥೂಲವಾಗಿ ಮೂರು.

ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿಯಾಗಿ, ಓಡತೊಡಗಿದ ಕೂಡಲೇ ತಣಿದರೆ ಕೊರತೆ ಗಾಳಿಯದು. ವೇಗದಲ್ಲಿ ರೇಡಿಯೇಟರಿಗೆ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ. ಸ್ಟ್ಯಾಗ್‌ನಲ್ಲಿ ಇರುವುದು ವಿಸ್ಕಸ್ ಫ್ಯಾನ್. ಅದರ ನಡುವಿನ ಡಬ್ಬಿಯಲ್ಲಿರುವ ಸಿಲಿಕೋನ್ ಎಣ್ಣೆ, ಬಿಸಿಯಾದಾಗ ಫ್ಯಾನನ್ನು ಎಂಜಿನ್ನಿಗೆ ಬಿಗಿಯಾಗಿ ಜೋಡಿಸಬೇಕು. ಕಾದ ಎಂಜಿನ್ನನ್ನು ಆರಿಸಿ, ಕೀ ತೆಗೆದಿಟ್ಟು, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿದಾಗ ಅದು ಬಿಗುವು ತೋರಬೇಕು. ಸಲೀಸಾಗಿ ಗಿರ್ರನೆ ಸುತ್ತಿದರೆ ಎಣ್ಣೆ ಸೋರಿಹೋಗಿದೆ ಎಂದರ್ಥ. ಎಲೆಕ್ಟ್ರಿಕ್ ಫ್ಯಾನ್ ಇರುವ ಕಾರುಗಳಲ್ಲಿ ಥರ್ಮೋ ಸ್ವಿಚ್, ರಿಲೇ, ಫ್ಯೂಸ್, ತುಕ್ಕು ಹಿಡಿದ ಅರ್ತ್ ವೈರ್ ಇವನ್ನು ಒಂದೊಂದಾಗಿ ನೋಡಬೇಕು. ಫ್ಯಾನ್ ಸುತ್ತ ಇರಬೇಕಾದ ಹೊದಿಕೆ ರಿಪೇರಿಯ ನಡುವೆ ಎಲ್ಲೋ ಕಳೆದುಹೋಗಿದ್ದರೆ, ಫ್ಯಾನ್ ಎಳೆಯುವ ಗಾಳಿ ರೇಡಿಯೇಟರಿನ ಒಂದು ಭಾಗಕ್ಕಷ್ಟೇ ತಾಗುತ್ತದೆ.

ಗಾಳಿಯ ಕೊರತೆಗೆ ದೊಡ್ಡ ಉದಾಹರಣೆ, 1961ರಲ್ಲಿ ಜಿನೀವಾದಲ್ಲಿ ಜಗತ್ತನ್ನೇ ಬೆರಗುಗೊಳಿಸಿದ ಜಾಗ್ವಾರ್ ಇ-ಟೈಪ್. ಅದರ ಮೂತಿಯ ಬಾಯಿ ಕಣ್ಣಿಗೆ ಎಷ್ಟು ಚೆಂದವೋ ಅಷ್ಟೇ ಕಿರಿದು. ಹಿಂದೆ ಇದ್ದದ್ದು ಒಂದೇ ಎಲೆಕ್ಟ್ರಿಕ್ ಫ್ಯಾನ್. ಹೆದ್ದಾರಿಯಲ್ಲಿ ಸಲೀಸಾಗಿದ್ದ ಕಾರು ಊರಿನ ಸಂದಣಿಯಲ್ಲಿ ಕಾಯುತ್ತಿತ್ತು. 1968ರ ಎರಡನೆಯ ಸರಣಿಯಲ್ಲಿ ಜಾಗ್ವಾರ್ ಆ ಬಾಯಿಯನ್ನು ಅಗಲಿಸಿ ಎರಡು ಫ್ಯಾನ್ ಕೂರಿಸಿತು. ಅಂದಕ್ಕೆ ಸ್ವಲ್ಪ ಧಕ್ಕೆಯಾಯಿತೆಂದು ಕೆಲವರು ಈಗಲೂ ಕೊರಗುತ್ತಾರೆ, ಆದರೆ ಎಂಜಿನ್‌ಗೆ ಉಸಿರು ಸಿಕ್ಕಿತು.

ಎರಡನೆಯ ಉತ್ತರ: ಊರೊಳಗೆ ಸರಿ, ವೇಗ ಹೆಚ್ಚಿಸಿದಾಗ ಅಥವಾ ಏರು ಹತ್ತುವಾಗ ಬಿಸಿ. ಇಲ್ಲಿ ಗಾಳಿ ಧಾರಾಳವಾಗಿದೆ, ಸಾಲದಿರುವುದು ನೀರಿನ ಹರಿವು ಅಥವಾ ರೇಡಿಯೇಟರಿನ ಸಾಮರ್ಥ್ಯ. ಬಿಸಿ ಎಂಜಿನ್ ಆರಿಸಿ ರೇಡಿಯೇಟರಿನ ಮೈಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಆಡಿಸಿದರೆ, ಉಷ್ಣತೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸಮನಾಗಿ ಇಳಿಯುತ್ತ ಹೋಗಬೇಕು. ನಡುವೆ ಅಲ್ಲಲ್ಲಿ ತಣ್ಣನೆಯ ಪಟ್ಟೆಗಳು ಸಿಕ್ಕರೆ ಆ ಕೊಳವೆಗಳು ಕಟ್ಟಿಕೊಂಡಿವೆ. ಕೆಳಗಿನ ಹೋಸ್ ಪೈಪ್ ಪಂಪಿನ ಎಳೆತಕ್ಕೆ ಸಿಕ್ಕುವ ಜಾಗ. ಹಳೆಯ ರಬ್ಬರ್ ಮೆತ್ತಗಾಗಿದ್ದರೆ, ವೇಗ ಏರಿದಾಗ ಅದು ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುತ್ತದೆ. ಎಂಜಿನ್ ಐಡಲ್‌ಗೆ ಬಂದಾಗ ಮತ್ತೆ ಉಬ್ಬಿ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಒಬ್ಬರು ಆಕ್ಸಿಲರೇಟರ್ ಒತ್ತುತ್ತಿರುವಾಗ ಇನ್ನೊಬ್ಬರು ಹೋಸ್ ಗಮನಿಸಿದರಷ್ಟೇ ಈ ದೋಷ ಸಿಕ್ಕಿಬೀಳುತ್ತದೆ. ಪಂಪಿನ ರೆಕ್ಕೆಗಳು ತುಕ್ಕಿಗೆ ಸವೆದಿರುವುದು, ಕಾರ್ಬ್ಯುರೇಟರ್ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿರುವುದು, ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿರುವುದು ಇವೂ ಇದೇ ಪಟ್ಟಿಗೆ ಸೇರುತ್ತವೆ. ಕಿಡಿ ತಡವಾಗಿ ಹಾರಿದರೆ ಉರಿ ಎಕ್ಸಾಸ್ಟ್ ವಾಲ್ವ್ ತೆರೆದ ಮೇಲೂ ಮುಂದುವರಿದು ಹೆಡ್ ಕಾಯುತ್ತದೆ. ಕೂಲಿಂಗ್ ವ್ಯವಸ್ಥೆಯಲ್ಲಿ ದೋಷವನ್ನು ಹುಡುಕಿ ಸುಸ್ತಾದವರು ಟೈಮಿಂಗ್ ಲೈಟ್ ಹಿಡಿದು ನೋಡಿದಾಗ ಕಾರಣ ಸಿಕ್ಕ ನಿದರ್ಶನಗಳಿವೆ.

ಮೂರನೆಯ ಉತ್ತರ: ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಬಿಸಿ. ಇದು ತೆರೆಯದ ಥರ್ಮೋಸ್ಟಾಟ್ ಆಗಿರಬಹುದು, ಏರ್ ಲಾಕ್ ಆಗಿರಬಹುದು, ಇಲ್ಲವೇ ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್.

ಥರ್ಮೋಸ್ಟಾಟನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಳಚಿ, ನೀರಿನ ಪಾತ್ರೆಯಲ್ಲಿ ತೂಗಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಬೇಕು. ಅದರ ಮೇಲೆ ಅಚ್ಚೊತ್ತಿದ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲಾರಂಭಿಸಿ, ಮುಂದಿನ ಹತ್ತು ಹನ್ನೆರಡು ಡಿಗ್ರಿಯಲ್ಲಿ ಪೂರ್ತಿ ತೆರೆದರೆ ಅದು ಸರಿಯಿದೆ. ಕರ್ನಾಟಕದ ಗ್ಯಾರೇಜುಗಳಲ್ಲೂ ಬಹುಕಾಲದಿಂದ ಒಂದು ಅಭ್ಯಾಸವಿದೆ: ಗಾಡಿ ಹೀಟ್ ಆದರೆ ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದು. ನಮ್ಮ ಬಿಸಿಲಿಗೆ ಅದರ ಅಗತ್ಯವಿಲ್ಲ ಎಂಬ ವಾದ ಅವರದು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾದ ಉಷ್ಣತೆಗೆ ಬರಲು ತಡಮಾಡುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್ ತೆಳುವಾಗದೆ ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗಲೇ ಬೈಪಾಸ್ ದಾರಿ ಮುಚ್ಚುವ ಏರ್ಪಾಡಿದೆ. ಅಲ್ಲಿ ಅದನ್ನು ತೆಗೆದುಹಾಕಿದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತಿ, ಬಿಸಿ ಇನ್ನೂ ಹೆಚ್ಚುತ್ತದೆ.

ಏರ್ ಲಾಕ್ ಸ್ಪೋರ್ಟ್ಸ್ ಕಾರುಗಳನ್ನು ವಿಶೇಷವಾಗಿ ಕಾಡುತ್ತದೆ, ಏಕೆಂದರೆ ಅವುಗಳ ಮೂತಿ ತಗ್ಗು, ರೇಡಿಯೇಟರ್ ಎಂಜಿನ್ನಿಗಿಂತ ಕೆಳಗೆ. 1972ರಲ್ಲಿ ಬಂದ ಫಿಯಾಟ್ ಎಕ್ಸ್ 1/9ನಲ್ಲಿ ಎಂಜಿನ್ ಸೀಟುಗಳ ಹಿಂದೆ, ರೇಡಿಯೇಟರ್ ಮೂತಿಯಲ್ಲಿ; ನಡುವೆ ಕಾರಿನ ಹೊಟ್ಟೆಯಡಿ ಉದ್ದಕ್ಕೂ ಹಾಯುವ ಪೈಪುಗಳು. ಕೂಲೆಂಟ್ ಬದಲಿಸಿದಾಗ ಗಾಳಿ ಪೂರ್ತಿ ಹೊರಹೋಗದಿದ್ದರೆ ಆ ಗುಳ್ಳೆ ಹರಿವನ್ನೇ ತಡೆಯುತ್ತದೆ. ರೇಡಿಯೇಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಹೀಟರ್ ತೆರೆದಿಟ್ಟು, ಗುಳ್ಳೆಗಳಿಲ್ಲದೆ ಧಾರೆ ಬರುವವರೆಗೆ ತಾಳ್ಮೆಯಿಂದ ತುಂಬಬೇಕು. ನೆತ್ತಿಯ ಮೇಲೆ ಪಂಪ್ ಇರುವ ಸ್ಟ್ಯಾಗ್‌ಗೂ ಇದೇ ಜಾಗರೂಕತೆ ಬೇಕು.

ಹೆಡ್ ಗ್ಯಾಸ್ಕೆಟ್ ಹೋಗಿದೆಯೇ ಎಂಬುದನ್ನು ಹೆಡ್ ಬಿಚ್ಚದೆಯೇ ತಿಳಿಯಬಹುದು. ರೇಡಿಯೇಟರಿನ ಬಾಯಿಗೆ ಹಿಡಿಯುವ ಒಂದು ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣವಿರುತ್ತದೆ. ಕೂಲೆಂಟಿನಿಂದ ಏಳುವ ಆವಿಯನ್ನು ಅದರೊಳಗೆ ಎಳೆದಾಗ ದ್ರಾವಣ ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದೆ. ಕಂಪ್ರೆಷನ್ ಪರೀಕ್ಷೆಯಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೋತಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ. ಆಯಿಲ್ ಮುಚ್ಚಳದಡಿ ಕೆನೆಯಂಥ ಬಿಳಿ ಲೇಪ ಕಂಡರೆ ಎಚ್ಚರ ವಹಿಸಬೇಕು, ಆದರೆ ಅದೊಂದನ್ನೇ ನಂಬಿ ಎಂಜಿನ್ ಬಿಚ್ಚಬಾರದು. ಚಳಿಯಲ್ಲಿ ಸಣ್ಣಪುಟ್ಟ ಓಡಾಟವಷ್ಟೇ ಮಾಡಿದ ಕಾರಿನಲ್ಲೂ ತೇವ ಸೇರಿ ಅಂಥ ಲೇಪ ಮೂಡುತ್ತದೆ. ಕೈಪಂಪಿನಿಂದ ವ್ಯವಸ್ಥೆಗೆ ಒತ್ತಡ ತುಂಬಿ ಮುಳ್ಳು ಇಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ, ಹೊರಗಿನ ಸೋರಿಕೆಯನ್ನೂ ಒಳಗಿನ ಸೋರಿಕೆಯನ್ನೂ ಬಯಲು ಮಾಡುತ್ತದೆ.

ತಡಮಾಡಿದರೆ ತೆರಬೇಕಾದ ಬೆಲೆಯನ್ನು ಮಜ್ದಾ ಆರ್‌ಎಕ್ಸ್-7 ಮಾಲೀಕರು ಚೆನ್ನಾಗಿ ಬಲ್ಲರು. ಅದರ ರೋಟರಿ ಎಂಜಿನ್ ಅಲ್ಯೂಮಿನಿಯಂ ಮತ್ತು ಕಬ್ಬಿಣದ ಭಾಗಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಕಟ್ಟಿದ್ದು. ನಡುವೆ ಕೂಲೆಂಟನ್ನು ತಡೆಯುವುದು ರಬ್ಬರ್ ಸೀಲುಗಳು. ಒಮ್ಮೆ ಜೋರಾಗಿ ಕಾದರೆ ಸಾಕು, ಆ ಸೀಲುಗಳು ಸೋಲುತ್ತವೆ, ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. 2002ರವರೆಗೆ ತಯಾರಾದ ಮೂರನೆಯ ಪೀಳಿಗೆಯ ಆರ್‌ಎಕ್ಸ್-7ನಲ್ಲಿ ಕೂಲೆಂಟಿನಿಂದ ಗಾಳಿ ಬೇರ್ಪಡಿಸುವ ಪ್ಲಾಸ್ಟಿಕ್ ಟ್ಯಾಂಕ್ ಹಳತಾದಾಗ ಬಿರಿಯುವುದು ಗೊತ್ತಿರುವ ಸಂಗತಿ. ಹಾಗಾಗಿ ಅನೇಕರು ಅದು ಕೈಕೊಡುವ ಮೊದಲೇ ಲೋಹದ ಟ್ಯಾಂಕ್ ಹಾಕಿಸಿಕೊಳ್ಳುತ್ತಾರೆ.

ಸ್ಟ್ಯಾಗ್ ತಣಿದ ಬಗೆ

ಸ್ಟ್ಯಾಗ್‌ನ ಹೆಸರು ಉಳಿಸಿದವರು ಅದರ ಮಾಲೀಕರು ಮತ್ತು ಅದನ್ನೇ ಕಸುಬಾಗಿಸಿಕೊಂಡ ಸಣ್ಣ ಗ್ಯಾರೇಜಿನವರು. ಅವರು ಕಂಡುಕೊಂಡ ದಾರಿಯಲ್ಲಿ ಪವಾಡದ ಬಿಡಿಭಾಗ ಯಾವುದೂ ಇಲ್ಲ. ಎಲ್ಲವನ್ನೂ ಒಟ್ಟಿಗೆ, ಸರಿಯಾದ ಕ್ರಮದಲ್ಲಿ ಮಾಡುವುದೇ ಅದರ ತಿರುಳು.

ಮೊದಲು ಬ್ಲಾಕಿನ ಶುದ್ಧಿ. ಬರಿಯ ಡ್ರೈನ್ ಪ್ಲಗ್ ತೆರೆದರೆ ಸಾಲದು, ಏಕೆಂದರೆ ಆ ರಂಧ್ರವೇ ಕೆಸರಿನಿಂದ ಮುಚ್ಚಿಹೋಗಿರುತ್ತದೆ. ಬ್ಲಾಕಿನ ಪಕ್ಕದ ಕೋರ್ ಪ್ಲಗ್‌ಗಳನ್ನು ಕಿತ್ತು, ಒಳಗೆ ಕಂಬಿ ಆಡಿಸಿ, ಒತ್ತಡದ ನೀರು ಹಾಯಿಸಿ ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ರೇಡಿಯೇಟರಿನ ಒಳತಿರುಳನ್ನು ಹೊಸದಾಗಿ ಹಾಕಿಸುವುದು ಅದಾದ ಮೇಲೆ. ಈ ಕ್ರಮ ತಲೆಕೆಳಗಾದರೆ ಹೊಸ ರೇಡಿಯೇಟರಿಗೆ ಹಳೆಯ ಕೊಳೆ ತುಂಬುತ್ತದೆ. ಆಮೇಲೆ ಪಂಪ್, ಹೋಸ್‌ಗಳು, ಥರ್ಮೋಸ್ಟಾಟ್, ಮುಚ್ಚಳ, ವಿಸ್ಕಸ್ ಫ್ಯಾನ್. ಹೆಡ್ ಇಳಿಸಿದ್ದರೆ ಸಮತಟ್ಟು ನೋಡಿ, ಬೇಕಾದರೆ ತೆಳುವಾಗಿ ಮೇಲ್ಮೈ ತೆಗೆಸಿ, ಹೊಸ ಸ್ಟಡ್‌ಗಳಿಗೆ ಅಂಟಿಕೊಳ್ಳದ ಗ್ರೀಸ್ ಹಚ್ಚಿ ಕೂರಿಸುತ್ತಾರೆ. ಕೂಲೆಂಟ್ ಮಟ್ಟ ಇಳಿದರೆ ದೀಪವೋ ಶಬ್ದವೋ ಮಾಡಿ ಎಚ್ಚರಿಸುವ ಅಲಾರಂ ಜೋಡಿಸುವುದು ಅವರ ಪಾಲಿಗೆ ದೊಡ್ಡ ಆಸರೆ. ನೆತ್ತಿಯ ಪಂಪ್ ಒಣಗುವ ಮೊದಲೇ ಚಾಲಕನಿಗೆ ಸುದ್ದಿ ಮುಟ್ಟಿಬಿಟ್ಟರೆ ಅರ್ಧ ಶತಮಾನದ ಹಿಂದಿನ ಆ ವಿನ್ಯಾಸದ ದೋಷ ಬಹುಮಟ್ಟಿಗೆ ನಿರುಪದ್ರವಿಯಾಗುತ್ತದೆ.

ಕೂಲೆಂಟಿನ ಆಯ್ಕೆಯೂ ಮುಖ್ಯ. ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪಾಲಿನಲ್ಲಿ ಬೆರೆಸಿದರೆ ಅದು ಮೈನಸ್ 37 ಡಿಗ್ರಿಯ ಹತ್ತಿರದವರೆಗೆ ಹೆಪ್ಪುಗಟ್ಟುವುದಿಲ್ಲ, ಸಾಮಾನ್ಯ ಒತ್ತಡದಲ್ಲೂ 107 ಡಿಗ್ರಿಯವರೆಗೆ ಕುದಿಯುವುದಿಲ್ಲ. ಹಿಮ ಕಾಣದ ನಮ್ಮೂರಿನಲ್ಲೂ ಅದು ಬೇಕಾಗುವುದು ಕುದಿಬಿಂದುವಿಗಾಗಿ, ಅದಕ್ಕಿಂತ ಹೆಚ್ಚಾಗಿ ತುಕ್ಕು ತಡೆಗಾಗಿ. ಆ ತಡೆಯ ಶಕ್ತಿ ವರ್ಷಗಳೊಂದಿಗೆ ಕರಗುವುದರಿಂದ ಹಳೆಯ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಕೋಲಾರದ ಕಡೆಯ ಬೋರ್‌ವೆಲ್ ನೀರಿನಂಥ ಗಡಸು ನೀರನ್ನು ಬೆರೆಸಿದರೆ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣವೇ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಬೇಕು. ಬೇರೆ ಬೇರೆ ಬಗೆಯ ಕೂಲೆಂಟ್‌ಗಳನ್ನು ಬೆರೆಸಬಾರದು. ಗ್ಲೈಕಾಲ್ ಸಿಹಿಯಾದ ವಿಷ. ಚೆಲ್ಲಿದ್ದನ್ನು ನೆಕ್ಕಿದ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಹಳೆಯ ಕೂಲೆಂಟನ್ನು ಚರಂಡಿಗೆ ಬಿಡದೆ, ಮಕ್ಕಳ ಕೈಗೆ ಸಿಗದಂತೆ ಡಬ್ಬಿಯಲ್ಲಿ ತುಂಬಿಡಬೇಕು.

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರಿಗೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ. ತಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮುಂಚೆಯೇ ತಿಳಿಸಿ, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ಎಂಜಿನ್ ನಿಜಕ್ಕೂ ತಣ್ಣಗಿದೆಯೇ ನೋಡಬೇಕು. ಮುಚ್ಚಳ ತೆಗೆದು ಕೂಲೆಂಟಿನ ಬಣ್ಣ ಪರೀಕ್ಷಿಸಬೇಕು. ಕಂದು ಕೆಸರು ಕಂಡರೆ ಬ್ಲಾಕ್ ತೊಳೆಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಮುಚ್ಚಳ ಮತ್ತೆ ಬಿಗಿದು ಸ್ಟಾರ್ಟ್ ಮಾಡಿ, ಅರ್ಧ ಗಂಟೆ ಓಡಿಸಿ, ಬಳಿಕ ನಿಲ್ಲಿಸಿ ಕಾಲು ಗಂಟೆ ಐಡಲ್‌ನಲ್ಲೇ ಬಿಡಬೇಕು. ಅಷ್ಟು ಹೊತ್ತಿನಲ್ಲಿ ಮುಳ್ಳು ನಡುವಿನಿಂದ ಕದಲದೆ, ಫ್ಯಾನ್ ಸಮಯಕ್ಕೆ ಸರಿಯಾಗಿ ಸದ್ದು ಮಾಡಿ, ಮರುದಿನ ತಣ್ಣಗಾದ ಮೇಲೂ ಕೂಲೆಂಟ್ ಮಟ್ಟ ಹಿಂದಿನ ಗೆರೆಯಲ್ಲೇ ಇದ್ದರೆ ಉಳಿದ ಚೌಕಾಸಿಗೆ ಕೂರಬಹುದು.